ಒಂದೇ ಅಳತೆಯ ಎರಡು ಕಿರೀಟ

ಆ ಫೋಟೊಗ್ರಾಫರ ಬಲಗೈ ಹೆಬ್ಬೆರಳಿನ ಉಗುರು ಸದಾ ಕಂದು. ಹಳೇ ಕಾಲದವರಂತೆ ಫೋಟೊಗಳನ್ನು ತಾವೇ ಮದ್ದಿನಲ್ಲಿ ಅದ್ದಿ ತೊಳೆಯುತ್ತಿದ್ದರು. ಆ ಕಲೆ ಸೋಪಿಗೆ ಹೋಗುತ್ತಿರಲಿಲ್ಲ. ನನ್ನ ಕೈಗೆ ಮೆತ್ತಿದ ಪಾಲಿಶ್ ನೋಡಿ ಮೊದಲ ದಿನವೇ ಹೇಳಿದರು: "ಕೈ ಕೊಳಕಾಗಿರೋರನ್ನ ನಂಬಬಹುದು."

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಬಡಗಿ. ಐರ್ಲೆಂಡಿನ ನೇಸ್ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಹೆಂಡತಿಯ ಹಿಂದೆ ಇಲ್ಲಿಗೆ ಬಂದವನು. ಲೂಕನ್ ಎಂಬ ಊರಲ್ಲಿ ನಮ್ಮ ಮನೆ ಹಿಂದಿನ ಶೆಡ್ಡಿನಲ್ಲಿ ಫೋಟೊಗಳಿಗೆ ಚೌಕಟ್ಟು ಕಟ್ಟುತ್ತೇನೆ. ಗ್ರೀಸಿನ ದ್ವೀಪದಿಂದ ಬಂದು ಎರಡು ಬೀದಿ ಆಚೆ ನೆಲೆಸಿದ್ದ ಈ ಫೋಟೊಗ್ರಾಫರು, ಒಳ್ಳೇ ಬಡಗಿಯನ್ನು ನಮ್ಮೂರಲ್ಲಿ ಏನೆಂದು ಕರೀತಾರೆ ಅಂತ ಕೇಳಿ ತಿಳಿದುಕೊಂಡು, ಅಂದಿನಿಂದ ನನ್ನನ್ನು 'ಮೇಸ್ತ್ರಿ' ಎಂದೇ ಕರೆದರು.

ಅವರು ಗಂಡಸನ್ನು ಪ್ರೀತಿಸುವ ಗಂಡಸು. ಅಂಥವರನ್ನೇ, ಬಸ್ ಡ್ರೈವರನ್ನೋ ಬೇಕರಿಯವನನ್ನೋ, ತಮ್ಮ ನಾಡಿನ ಹಳೇ ಕಲ್ಲಿನ ವಿಗ್ರಹಗಳ ಭಂಗಿಯಲ್ಲಿ ನಿಲ್ಲಿಸಿ ಫೋಟೊ ತೆಗೆಯುತ್ತಿದ್ದರು. "ಕಲ್ಲಿನ ಗಂಡಸನ್ನ ಟಿಕೆಟ್ ತಗೊಂಡು ನೋಡ್ತಾರೆ ಮೇಸ್ತ್ರಿ. ಉಸಿರಾಡೋನು ಇನ್ನೊಬ್ಬನ ಕೈ ಹಿಡಿದ್ರೆ ಮುಖ ತಿರುಗಿಸ್ತಾರೆ" ಎನ್ನುತ್ತಿದ್ದರು.

ಅವರ ಕಡೆ ಮದುವೆಯಲ್ಲಿ, ನಮ್ಮ ಬಾಸಿಂಗದಂತೆ, ಇಬ್ಬರ ತಲೆಗೂ ಹೂವಿನ ಕಿರೀಟ. ಎರಡನ್ನೂ ಕೂಡಿಸಲು ಒಂದೇ ರಿಬ್ಬನ್. ಆಮೇಲೆ ಗಾಜು ಹಾಕಿದ ಮರದ ಗೂಡಿನಲ್ಲಿಟ್ಟು ಮಂಚದ ಮೇಲೆ ಗೋಡೆಗೆ ಹಾಕುತ್ತಾರಂತೆ. ಐರ್ಲೆಂಡಿನ ಗೆಳೆಯನನ್ನು ಅವರು ಇಲ್ಲೇ ರಿಜಿಸ್ಟರ್ ಮದುವೆಯಾದರು. ಅವರ ಊರಿನ ಚರ್ಚು ಇಬ್ಬರು ಗಂಡಸರಿಗೆ ಕಿರೀಟ ಇಡಲು ಒಪ್ಪಲಿಲ್ಲ; ಕಿರೀಟಗಳನ್ನು ತಾವೇ ತರಿಸಿಕೊಂಡರು.

"ಅಂಥ ಗೂಡು ಅಜ್ಜಿ ಮನೇಲಿತ್ತು, ಅಮ್ಮನ ಮನೇಲಿದೆ. ನನ್ನ ಮನೇಲೂ ಇರಬೇಕು ಮೇಸ್ತ್ರಿ."

ಒಂದು ಕಿರೀಟದ ಅಳತೆ ಕೊಟ್ಟರು. ಇನ್ನೊಂದರದು ನಾನು ಕೇಳಲೇ ಇಲ್ಲ. ನಮ್ಮಲ್ಲಿ ಗಂಡಿನ ಬಾಸಿಂಗ ದೊಡ್ಡದು, ಹೆಣ್ಣಿನದು ಚಿಕ್ಕದು. ಗೂಡಿನ ಎರಡು ಖಾನೆಗಳನ್ನೂ ಕೈ ತಾನಾಗಿಯೇ ಹಾಗೆ ಕೊಯ್ದಿತ್ತು. ಗೂಡು ಒಯ್ದಾಗ ಎರಡನೆಯ ಕಿರೀಟ ಕೂರಲಿಲ್ಲ.

"ಈ ಕಡೆ ಯಾಕೆ ಚಿಕ್ಕದು?" ಎಂದು ಕೇಳಿದರು.

"ಅದು ಹೆಣ್ಣಿಂದು..." ಎಂದು ಅರ್ಧಕ್ಕೇ ನಿಲ್ಲಿಸಿದೆ.

ಬಾಗಿಲಲ್ಲಿ ಟೀ ಹಿಡಿದು ನಿಂತಿದ್ದ ಅವರ ಗೆಳೆಯ, "ನಾನಂತೂ ಅಲ್ಲಪ್ಪ, ಮೂರು ದಿನದಿಂದ ಶೇವ್ ಮಾಡಿಲ್ಲ" ಎಂದ. ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ. ಮಾಡಿಕೊಟ್ಟ ಕೆಲಸ ವಾಪಸು ತಂದವನಲ್ಲ ನಾನು. ಗೂಡು ಎತ್ತಿಕೊಂಡು ಬಂದು ಎರಡು ದಿನ ಮುಟ್ಟಲಿಲ್ಲ.

"ರೀ, ಕೋಪ ಗೂಡು ತಪ್ಪಾಗಿದ್ದಕ್ಕಾ, ಇಬ್ರೂ ಗಂಡಸ್ರು ಅಂತಾನಾ?" ಎಂದಳು ಹೆಂಡತಿ.

ಮೂರನೇ ದಿನ ಹೊಸ ಓಕ್ ಹಲಗೆ ತಂದು, ಎರಡು ಖಾನೆಯೂ ಕೂದಲೆಳೆ ವ್ಯತ್ಯಾಸವಿಲ್ಲದಂತೆ ಕೊಯ್ದೆ. ಅವರು ಒಳಗೆ ಕೈಯಾಡಿಸಿ, "ಗ್ರ್ಯಾಂಡ್, ಮೇಸ್ತ್ರಿ" ಎಂದರು, ಅಷ್ಟೇ. ಸ್ಲೈಗೋ ಊರಲ್ಲಿ ಅವರ ಫೋಟೊಗಳ ಪ್ರದರ್ಶನವಾದಾಗ ಕೊನೆಯ ಚಿತ್ರ ಆ ಗೂಡಿನದು. ಕೆಳಗೆ ಕಟ್ಟಿದವನ ಹೆಸರು. ನನ್ನ ಹೆಸರನ್ನು ಅಚ್ಚಿನಲ್ಲಿ ನಾನು ನೋಡಿದ್ದು ಅದೇ ಮೊದಲು.

ಈ ವರ್ಷ ಕಾಯಿಲೆ ಅವರನ್ನು ಕೊಂಡೊಯ್ದಿತು. ಗೆಳೆಯ ಫೋನ್ ಮಾಡಿದ: "ಮೇಸ್ತ್ರಿ, ಗಾಜು ತೆಗೀಬೇಕು." ಅವರ ದ್ವೀಪದಲ್ಲಿ ಸತ್ತವರ ಕಿರೀಟ ಅವರ ಜೊತೆಗೇ ಮಣ್ಣಿಗೆ ಹೋಗಬೇಕಂತೆ.

ನಾಲ್ಕು ಸ್ಕ್ರೂ ಬಿಚ್ಚಿದೆ. ಗೆಳೆಯ ರಿಬ್ಬನ್ನಿಗೆ ಕತ್ತರಿ ಇಟ್ಟು ಹಾಗೇ ಹಿಂದೆ ತೆಗೆದ. ಕತ್ತರಿ ನನಗೆ ಕೊಟ್ಟ. ಟೇಪು ಹಿಡಿದು ಅಳೆದೆ, ನಟ್ಟನಡುವೆ ಗುರುತು ಹಾಕಿ ಕತ್ತರಿಸಿದೆ.

"ಯಾವುದು ಅವನದು?" ಎಂದು ಕೇಳಿದ.

"ಯಾವುದಾದ್ರೂ ಸರಿ," ಎಂದೆ. "ಎರಡೂ ಒಂದೇ ಅಳತೆ."