ನಲ್ಲಿ ಮಾಮನ ಕೊಳಲು, ಅತ್ತಿಗೆಯ ಮಂತ್ರ

ಬೀದಿಯವರೆಲ್ಲ ಅವರನ್ನು ನಲ್ಲಿ ಮಾಮ ಎನ್ನುತ್ತಿದ್ದರು. ನೀರಿನ ಪೈಪು ಜೋಡಿಸುವುದು, ಸೋರುವ ನಲ್ಲಿ ರಿಪೇರಿ ಮಾಡುವುದು ಅವರ ಕಸುಬು. ಬಿಡುವಾದಾಗ ಬಿದಿರಿನ ಕೊಳಲು ನುಡಿಸುತ್ತಿದ್ದರು. ಸ್ಪ್ಯಾನರಿನ ಚೀಲದಲ್ಲೇ ಮೂರು ಕೊಳಲುಗಳಿರುತ್ತಿದ್ದವು. ಒಮ್ಮೆ ಯಾರದೋ ಬಚ್ಚಲಲ್ಲಿ ಗಮನವಿಲ್ಲದೆ ಪೈಪಿನ ಬದಲು ಕೊಳಲನ್ನೇ ಅಳತೆಗೆ ಹಿಡಿದರಂತೆ. ಅಳತೆ ಸರಿಯಾಗಿಯೇ ಬಂತು ಎಂದು ಅವರೇ ಹೇಳುತ್ತಾರೆ.

ಅವರ ಅಣ್ಣನ ಹೆಂಡತಿ ಮಂತ್ರ ಹೇಳುವುದರಲ್ಲಿ ಗಟ್ಟಿಗರು. ಒಂಬತ್ತು ವರ್ಷದ ಹಿಂದೆ ನೆಂಟರೆಲ್ಲ ಸೇರಿದ್ದಾಗ ಆಕೆ ಹೇಳಿ ಮುಗಿಸಿದ ಕೂಡಲೇ ನಲ್ಲಿ ಮಾಮ, "ಶ್ರುತಿ ಸ್ವಲ್ಪ ಇಳೀತು ಅತ್ತಿಗೆ" ಎಂದುಬಿಟ್ಟರು.

"ನಿನ್ನ ಕೊಳಲು ಕುಕ್ಕರ್ ಕೂಗಿದ ಹಾಗಿರತ್ತೆ. ನಾನೇನಾದ್ರೂ ಅಂದ್ನಾ?" ಎಂದರು ಅತ್ತಿಗೆ.

ಅಷ್ಟೇ. ಒಂದೇ ಕಟ್ಟಡದಲ್ಲಿ ಅಣ್ಣ ಅತ್ತಿಗೆ ಮಹಡಿಯ ಮೇಲೆ, ನಲ್ಲಿ ಮಾಮ ಕೆಳಗೆ. ಮಾತು ಮಾತ್ರ ಬಂದ್. ಏನೇ ಇದ್ದರೂ ಅಣ್ಣ ಮೆಟ್ಟಿಲು ಇಳಿದು ಹತ್ತಿ ಮುಟ್ಟಿಸುತ್ತಿದ್ದರು. ಅವರ ಮಂಡಿ ಸವೆದದ್ದು ಹೀಗೆಯೇ ಎಂದು ಮನೆಯವರ ಅಭಿಪ್ರಾಯ.

ಒಂದು ದಿನ ನಲ್ಲಿ ಮಾಮ ಹಲ್ಲಿನ ಆಸ್ಪತ್ರೆಗೆ ಬೇಸಿನ್ ರಿಪೇರಿಗೆ ಹೋದರು. ಕೆಲಸ ಮುಗಿಸಿ, ಡಾಕ್ಟರಮ್ಮ ಬರುವವರೆಗೆ ಸುಮ್ಮನೆ ಉದ್ದದ ಕೊಳಲು ತೆಗೆದು ಊದಿದರು. ಹೊರಗೆ ಸರದಿಗೆ ಕಾಯುತ್ತಾ ಅಳುತ್ತಿದ್ದ ಹೆಂಗಸೊಬ್ಬರು ಅಳು ನಿಲ್ಲಿಸಿದರು. ಡಾಕ್ಟರಮ್ಮ ಅದನ್ನು ಗಮನಿಸಿದರು.

"ಇದನ್ನ ರೆಕಾರ್ಡ್ ಮಾಡ್ಕೊಡಿ. ಹಲ್ಲು ಕೊರೆಯೋ ಸದ್ದು ಕೇಳಿದ್ರೆ ಅರ್ಧ ಜನ ಎದ್ದು ಹೋಗ್ತಾರೆ. ಜೊತೆಗೆ ನಿಧಾನವಾಗಿ ಮಂತ್ರ ಹೇಳೋರು ಯಾರಾದ್ರೂ ಇದಾರಾ?"

ನಲ್ಲಿ ಮಾಮ ಬೇಸಿನ್ನಿನ ಕಡೆ ನೋಡಿದರು. "ಇದಾರೆ. ಆದ್ರೆ ನಮ್ಮಣ್ಣನೇ ಕೇಳ್ಬೇಕು."

ಅಣ್ಣ ನಾಲ್ಕು ಸಲ ಇಳಿದು ಹತ್ತಿದರು. ಅತ್ತಿಗೆ ಒಪ್ಪಿದರು. ಒಪ್ಪಿದ್ದು ರೋಗಿಗಳಿಗಾಗಿಯೇ ಹೊರತು ಮೈದುನನಿಗಾಗಿ ಅಲ್ಲ ಎಂದು ತಿಳಿಸಲು ಅಣ್ಣ ಐದನೇ ಸಲ ಇಳಿದರು.

ರಜೆಯ ದಿನ ಮಧ್ಯಾಹ್ನ ಆಸ್ಪತ್ರೆಯ ಕೋಣೆಯಲ್ಲೇ ರೆಕಾರ್ಡಿಂಗ್ ಇಟ್ಟುಕೊಂಡರು. ಇಬ್ಬರ ನಡುವೆ, ಹಲ್ಲು ಕೀಳುವ ಕುರ್ಚಿಯಲ್ಲಿ, ಅಣ್ಣ ಒರಗಿದರು.

"ಶುರು ಮಾಡೋಣ್ವಾ ಅಂತ ಕೇಳಣ್ಣ."

"ಮಾಡ್ಲಿ ಅಂತ ಹೇಳ್ರೀ."

ಅಣ್ಣ ಎರಡನ್ನೂ ಒಪ್ಪಿಸಿದರು. ಕೊಳಲು ಶುರುವಾಯಿತು, ಅದರ ಬೆನ್ನಿಗೆ ಮಂತ್ರ. ಆರನೇ ನಿಮಿಷಕ್ಕೆ ಅಣ್ಣನ ಗೊರಕೆಯೂ ಸೇರಿತು. ಈ ಸಂಗೀತದಿಂದ ಗುಣವಾದ ಮೊದಲ ರೋಗಿ ಅವರೇ ಎನ್ನಬೇಕು. ಆದರೆ ಮಾತು ದಾಟಿಸುವವರು ಯಾರೂ ಉಳಿಯಲಿಲ್ಲ.

ಅತ್ತಿಗೆ ಗೋಡೆಯ ಮೇಲಿದ್ದ ದವಡೆಯ ಚಿತ್ರವನ್ನು ನೋಡುತ್ತಾ ಹೇಳಿದರು: "ಶ್ರುತಿ ನಂಗೆ ಮೇಲಾಯ್ತು."

ನಲ್ಲಿ ಮಾಮನೂ ದವಡೆಯನ್ನೇ ನೋಡಿದರು. "ಉದ್ದದ ಕೊಳಲು ತಗೋತೀನಿ ಅತ್ತಿಗೆ. ಅದರ ಶ್ರುತಿ ಕೆಳಗಿರತ್ತೆ."

"ಹೂಂ. ಇವರನ್ನ ಎಬ್ಬಿಸಿ ಹೊರಗೆ ಕೂರಿಸು."

ಆಚೆ ತೋಳು ಒಬ್ಬರು, ಈಚೆ ತೋಳು ಒಬ್ಬರು ಹಿಡಿದು ಅಣ್ಣನನ್ನು ಹೊರಗಿನ ಬೆಂಚಿಗೆ ದಾಟಿಸಿದರು. ಮತ್ತೆ ಮೊದಲಿನಿಂದ ಶುರು ಮಾಡಿ ನಲವತ್ತು ನಿಮಿಷ ನುಡಿಸಿದರು. ನಡುವೆ ಒಂದು ಕಡೆ ನಲ್ಲಿ ಮಾಮನಿಗೆ ಉಸಿರು ಸಾಲಲಿಲ್ಲ. ಅವರು ಉಸಿರೆಳೆದುಕೊಂಡು ಮತ್ತೆ ತುಟಿಗೆ ಕೊಳಲಿಡುವವರೆಗೆ ಅತ್ತಿಗೆ ಕೊನೆಯ ಅಕ್ಷರವನ್ನು ಕೈಬಿಡದೆ ಹಿಡಿದು ನಿಂತರು. ಆಮೇಲೆ ಸಾಮಾನು ತುಂಬುವಾಗ ನಲ್ಲಿ ಮಾಮ ಕೊಳಲಿಗೆ ಸುತ್ತುವ ಬಟ್ಟೆಯಲ್ಲಿ ಸ್ಪ್ಯಾನರನ್ನು ಸುತ್ತಿ, ಕೊಳಲನ್ನು ಹಾಗೇ ಚೀಲಕ್ಕೆ ಎಸೆದರು.

ಆಸ್ಪತ್ರೆಯಲ್ಲಿ ಎದ್ದು ಹೋಗುವವರು ಕಡಿಮೆಯಾದರು. ಬದಲಿಗೆ ರೋಗಿಗಳು ಕುರ್ಚಿಯಲ್ಲೇ ನಿದ್ದೆ ಹೋಗಿ ಬಾಯಿ ಮುಚ್ಚತೊಡಗಿದರು. ಒಂದು ವಾರ ನೋಡಿದ ಡಾಕ್ಟರಮ್ಮ ಸ್ಪೀಕರನ್ನು ಹೊರಗಿನ ಕೋಣೆಗೆ ಸಾಗಿಸಿದರು.

ಸುದ್ದಿ ತಿಳಿದು ದೊಡ್ಡಾಸ್ಪತ್ರೆಯ ಡಯಾಲಿಸಿಸ್ ವಾರ್ಡಿನವರು ಕರೆದರು. ಈಗ ಪ್ರತಿ ಬುಧವಾರ ಮಧ್ಯಾಹ್ನ ಇಬ್ಬರೂ ಅಲ್ಲಿಗೆ ಹೋಗಿ, ರಕ್ತ ಶುದ್ಧ ಮಾಡುವ ಮಷೀನುಗಳ ನಡುವೆ ಸ್ಟೂಲು ಹಾಕಿಕೊಂಡು ಕೂರುತ್ತಾರೆ. ಮೊನ್ನೆ ಕಿಟಕಿ ಪಕ್ಕದ ಮಂಚದಲ್ಲಿದ್ದ ನಿವೃತ್ತ ಮೇಷ್ಟ್ರು ಕೇಳಿದರು: "ಇದ್ರಿಂದ ಕಾಯಿಲೆ ವಾಸಿಯಾಗತ್ತಾ ತಾಯಿ?"

"ಇಲ್ಲ," ಎಂದರು ಅತ್ತಿಗೆ. "ನಾಲ್ಕು ಗಂಟೆ ಮಲಗಿರ್ಬೇಕಲ್ಲ, ಹೊತ್ತು ಹೋಗತ್ತೆ."

ಮೇಷ್ಟ್ರು ದಿಂಬು ಸರಿಮಾಡಿಕೊಂಡರು. "ಹಾಗಾದ್ರೆ ಆ ನಿಧಾನದ್ದೇ ಇನ್ನೊಂದ್ಸಲ ಹೇಳಿ," ಎಂದು ಕಣ್ಣು ಮುಚ್ಚಿದರು.