ಬೆಳ್ಳಿ ಅಂಗಿಯ ಕ್ಯಾಪ್ಟನ್

ಮುನಿಯಕ್ಕಾ, ಆ ಮಕ್ಕಳನ್ನು ಬೆಂಕಿಯಿಂದ ಉಳಿಸಿದವನು ನಾನಲ್ಲ. ಉಳಿಸಿದವಳು ನೀನು. ಇಷ್ಟು ಹೇಳಲು ನನಗೆ ಹತ್ತು ವರ್ಷ ಹಿಡಿಯಿತು—

ರಾಕೆಟ್ಟಿನಲ್ಲಿ ಆಕಾಶಕ್ಕೆ ನಾಯಿಯನ್ನು ಕಳಿಸಿದ ಸುದ್ದಿ ಪೇಪರಿನಲ್ಲಿ ಬಂದ ಕಾಲ. ಚಿನ್ನದ ಗಣಿಯಲ್ಲಿ ದುಡಿಯುವ ನಾವು ಕೆಲವರು ಸೇರಿ ಆಂಡರ್ಸನ್‌ಪೇಟೆಯಲ್ಲಿ ಚಂದ್ರಲೋಕಕ್ಕೆ ಹೋಗುವ ನಾಟಕ ಆಡಿದೆವು. ಬಿದಿರ ತಟ್ಟಿಯಲ್ಲಿ ಕಟ್ಟಿದ ಚಂದ್ರನ ಹಡಗಿಗೆ ನಾನೇ ಕ್ಯಾಪ್ಟನ್. ಊರವರ ಬಟ್ಟೆ ಹೊಲಿಯುತ್ತಿದ್ದ ನೀನೇ ಬೆಳ್ಳಿ ಕಾಗದ ಅಂಟಿಸಿ ನನ್ನ ಅಂಗಿ ಹೊಲಿದೆ. ಚಂದ್ರಲೋಕದ ಮಕ್ಕಳಾಗಿ ನಂದಿದುರ್ಗ ಲೈನಿನ ಸಾಲುಮನೆಯ ರತ್ನ, ಅವಳ ತಮ್ಮ ಸೀನ.

ಸಂಜೆ ಆಟ ಶುರುವಾಗಿತ್ತಷ್ಟೆ, ಪೆಟ್ರೋಮ್ಯಾಕ್ಸ್ ದೀಪ ಉರುಳಿ ಪರದೆ ಹೊತ್ತಿಕೊಂಡಿತು. ಮಕ್ಕಳು ಹಡಗಿನೊಳಗೆ. ನಾನು ಪಕ್ಕದಲ್ಲೇ ಇದ್ದೆ — ಕಾಲು ಕಿತ್ತಿಡಲಾಗಲಿಲ್ಲ. ನೀನು ನನ್ನನ್ನು ದಾಟಿ ಒಳಗೆ ನುಗ್ಗಿದೆ. ಉರಿಯುತ್ತಿದ್ದ ಬಿದಿರ ತಟ್ಟಿಯನ್ನು ಬರಿಗೈಯಲ್ಲಿ ಕಿತ್ತೆ. ಎಚ್ಚರ ತಪ್ಪಿದ್ದ ಇಬ್ಬರನ್ನೂ ಎಳೆದು ತಂದು ನನ್ನ ತೋಳಿಗೆ ಹಾಕಿದೆ.

"ಇಡ್ಕಳ್ಳಾ! ಆಚ್ಕೆ ಓಡು!"

ಆಗಷ್ಟೇ ನನ್ನ ಕಾಲು ಕದಲಿದ್ದು. ಹೊಗೆಯೊಳಗಿಂದ ಬೆಳ್ಳಿ ಅಂಗಿಯವನೊಬ್ಬ ಮಕ್ಕಳನ್ನು ಹೊತ್ತು ಬಂದದ್ದನ್ನು ಜನ ಕಂಡರು. ರಂಗದ ಹಿಂದಿನಿಂದ ಸುಟ್ಟ ಕೈಯಲ್ಲಿ ನೀನು ತೆವಳಿಕೊಂಡು ಹೊರಬಿದ್ದದ್ದು ಯಾರಿಗೂ ಕಾಣಲಿಲ್ಲ.

"ಕ್ಯಾಪ್ಟನ್ ಕಾಪಾಡ್ಬುಟ್ಟ!" ಯಾರೋ ಕೂಗಿದರು.

ಅಲ್ಲ ಎನ್ನಬಹುದಿತ್ತು. ಎನ್ನಲಿಲ್ಲ.

ಹಾರ ಹಾಕಿದರು. ಧೈರ್ಯಸ್ಥ ಹುಡುಗ ಎಂದು ಮೆಚ್ಚಿ ಬಂಗಾರಪೇಟೆಯವರು ಹೆಣ್ಣು ಕೊಟ್ಟರು. ಮದುವೆಗೆ ನೀನೂ ಬಂದೆ — ಬೆರಳು ಮಡಚಲಾಗದೆ ಎರಡೂ ಅಂಗೈ ಸೇರಿಸಿ ಅಕ್ಷತೆ ಹಾಕಿದೆ. ಆ ಬೆಂಕಿಯ ಸಂಜೆಯಿಂದ ಆ ಕೈ ಮತ್ತೆ ಸೂಜಿ ಹಿಡಿದಿರಲಿಲ್ಲ. ನನ್ನ ಮಾವ ಕೇಳಿಯೇಬಿಟ್ಟರು: "ಏನಮ್ಮಾ, ಕೈಗೇನಾತು?"

ನಾನು ಕೊರಳ ಹಾರ ಸರಿಪಡಿಸಿಕೊಂಡೆ.

"ಒಲೆ ಬೆಂಕಿ ತಗುಲ್ತು ಕಣಪ್ಪಾ," ಎಂದೆ ನೀನು.

ಚಪ್ಪರದ ಹಿಂದೆ ನಿನ್ನನ್ನು ತಡೆದು, ಯಾಕಕ್ಕಾ ಹಾಗಂದೆ, ಎಂದು ಕೇಳಿದೆ. ನೀನು ನಕ್ಕುಬಿಟ್ಟೆ. "ಮಕ್ಳನ್ನ ಕೆಳಕ್ಕೆ ಬಿಡ್ದಂಗೆ ಓಡಿದ್ಯಲ್ಲ, ಅಷ್ಟು ನಿಂದೇ ಕಣ್ಲಾ. ಚೆನ್ನಾಗಿ ಬಾಳೋಗು."

ಆ ಮಾತಿನ ಮೇಲೆ ನಾನು ಬದುಕಿದೆ, ಅಕ್ಕಾ. ನೀನು ಬಿಟ್ಟುಕೊಟ್ಟ ಮರ್ಯಾದೆಯಲ್ಲಿ ಉಂಡೆ, ಮಗಳನ್ನು ಎತ್ತಿ ಆಡಿಸಿದೆ. ಹೆದರಿ ನಿಂತವನಲ್ಲೂ ಒಂದಿಷ್ಟು ಒಳ್ಳೆಯದನ್ನು ಹುಡುಕಿ ಕೈಗಿಟ್ಟವಳು ನೀನು — ಅದನ್ನು ಹೇಗೆ ಮರೆಯಲಿ? ಆದರೆ ನಿನ್ನದನ್ನೂ ನಾನೇ ಇಟ್ಟುಕೊಂಡೆನಲ್ಲ...

ಮೊನ್ನೆ ರತ್ನ ತನ್ನ ಮದುವೆಗೆ ಕರೆಯಲು ಬಂದು ನನ್ನ ಕಾಲಿಗೆ ಬಿದ್ದಳು. "ಮಾಮಾ, ನೀವಿಲ್ದಿದ್ರೆ ನಾನೆಲ್ಲಿರ್ತಿದ್ದೆ?"

ತಡೆಯಲಾಗಲಿಲ್ಲ. ಹೆಂಡತಿಯ ಎದುರಿಗೇ ಎಲ್ಲವನ್ನೂ ಹೇಳಿದೆ. ರತ್ನ ಅತ್ತಳು. ಹೆಂಡತಿ ಮುಖ ತಿರುಗಿಸಿಕೊಂಡಳು. ಕೊನೆಗೆ ಕೇಳಿದ್ದು ಇಷ್ಟೇ: "ಆಯಮ್ಮನ ಮನೆ ಎಲ್ಲೈತೆ?"

ನಾಳೆ ಅವರೆಲ್ಲ ನಿನ್ನಲ್ಲಿಗೆ ಬರುತ್ತಾರೆ, ಸೀನನೂ. ದಾರಿ ಬಲ್ಲವನೆಂದು ನಾನು ಮುಂದೆ ನಡೆಯುತ್ತೇನೆ. ನಿನ್ನ ಬಾಗಿಲು ಬಂದಾಗ ಹಿಂದೆ ಸರಿದು ನಿಲ್ಲುತ್ತೇನೆ.