ಮೇಸ್ತ್ರಿಯ ಮಳೆನೀರು

ಮೇಸ್ತ್ರಿ ಆ ದಿನ ಕುಡಿದಿರಲಿಲ್ಲ. ಬ್ಯಾಟರಿ ಹಾಳು ಮಾಡಿದ್ದು ನಾನು. ಮೊದಲು ಇಷ್ಟು ಬರೆದುಬಿಡುತ್ತೇನೆ, ಉಳಿದದ್ದು ಆಮೇಲೆ.

ಅವರ ಬಲಗೈಯ ಮೂರು ಬೆರಳಿಗೆ ಉಗುರಿರಲಿಲ್ಲ, ಬ್ಯಾಟರಿಯ ಆಸಿಡ್ ತಿಂದಿತ್ತು. ಅಂಗಿಯ ಮುಂಭಾಗ ಜರಡಿಯ ಹಾಗೆ ತೂತು. ಐವತ್ತರ ದಶಕದಲ್ಲಿ ವಾಮಂಜೂರಿನಾಚೆಯ ಬೋಳು ಗುಡ್ಡೆಯ ಮೇಲೆ ಮಿಶನ್ನಿನವರದ್ದೊಂದು ವಿಮಾನದ ಮೈದಾನವಿತ್ತು. ಸಣ್ಣ ವಿಮಾನವೊಂದು ಮದ್ದು, ಡಾಕ್ಟರು, ರೋಗಿಗಳನ್ನು ಹೊತ್ತು ಹೋಗಿಬರುತ್ತಿತ್ತು. ಹುಲ್ಲು ಕೊಯ್ದು ಶೆಡ್ಡು ಗುಡಿಸುವುದು ನನ್ನ ಕೆಲಸ. ವಿಮಾನ ಎಳೆಯುವ ಟ್ರಾಕ್ಟರ್, ಪೆಟ್ರೋಲಿನ ಕೈಪಂಪು, ಇಂಜಿನ್ ಎಬ್ಬಿಸುವ ಬ್ಯಾಟರಿ ಗಾಡಿ, ಎಲ್ಲ ಮೇಸ್ತ್ರಿಯ ತಲೆಗೆ. ಒಂದೂ ನೆಟ್ಟಗಿರಲಿಲ್ಲ. ಇವತ್ತು ಪಂಪು ಸರಿಯಾದರೆ ನಾಳೆ ಟ್ರಾಕ್ಟರ್ ಮಲಗುತ್ತಿತ್ತು. ಬೊಂಬಾಯಿಗೆ ಕಾಗದ ಬರೆದರೆ ಸಾಮಾನಿನ ಬದಲು ಇನ್ನೊಂದು ಕಾಗದ ಬರುತ್ತಿತ್ತು.

"ಈ ಕಾಗದ ಇಂಜಿನ್ನಿಗೆ ಹಾಕ್ಲಿಕ್ಕೆ ಆಗ್ತದಾ ಮಾರಾಯ್ತಿ?" ಎಂದು ಮೇಸ್ತ್ರಿ ನನ್ನ ಮೇಲೆ ರೇಗುತ್ತಿದ್ದರು.

ಬ್ಯಾಟರಿಗೆ ಹಾಕುವ ಶುದ್ಧ ನೀರು ಕೂಡ ಯಾರೂ ಕಳಿಸುತ್ತಿರಲಿಲ್ಲ. ಅದಕ್ಕೆ ಅವರದ್ದೇ ಒಂದು ಉಪಾಯ. ಮೊದಲ ವಾರದ ಮಳೆ ಬಿಟ್ಟುಬಿಡುವುದು. ಆಮೇಲೆ ಬಯಲಲ್ಲಿ ನಾಲ್ಕು ಗೂಟಕ್ಕೆ ಬಿಳಿ ಬಟ್ಟೆ ಕಟ್ಟಿ, ನಡುವೆ ತೊಳೆದ ಕಲ್ಲಿಟ್ಟು, ಕೆಳಗೆ ಭರಣಿ ಇಡುವುದು. ಹಂಚಿನ ಮಾಡಿನಿಂದ ಇಳಿದ ನೀರು ಆಗದು, ಬಾವಿಯದ್ದಂತೂ ಮುಟ್ಟಬಾರದು. ಆ ಒಂದು ಭರಣಿ ಮುಂದಿನ ಮಳೆಯವರೆಗೆ ಬರಬೇಕು.

ಒಂದು ಬೇಸಿಗೆಯಲ್ಲಿ ಗುಡಿಸುವಾಗ ಅದನ್ನು ನಾನು ಒಡೆದೆ. ಹೆದರಿಕೆಯಾಯಿತು. ಮನೆಯಲ್ಲಿ ಅಂಥದ್ದೇ ಕಂದು ಭರಣಿ ಖಾಲಿ ಇತ್ತು. ಉಜ್ಜಿ ತೊಳೆದು, ಬಾವಿನೀರು ತುಂಬಿ, ಅದೇ ಮೂಲೆಯಲ್ಲಿಟ್ಟೆ. ಉಪ್ಪಿನಕಾಯಿಯ ಭರಣಿ ಅದು. ಹತ್ತು ವರ್ಷ ಉಪ್ಪು ಕುಡಿದ ಮಣ್ಣು ಒಂದು ತೊಳೆತಕ್ಕೆ ಬಿಡುತ್ತದೆಯೆ?

ಮೇಸ್ತ್ರಿ ಅದೇ ನೀರನ್ನು ಬ್ಯಾಟರಿಗೆ ಹಾಕುತ್ತಾ ಹೋದರು. ತಿಂಗಳಾಗುವಷ್ಟರಲ್ಲಿ, ಹೆರಿಗೆ ಕಷ್ಟವಾದ ಒಬ್ಬ ಹೆಂಗಸನ್ನು ವಿಮಾನದಲ್ಲಿ ಮಲಗಿಸಿದ ದಿನವೇ ಬ್ಯಾಟರಿ ಗಾಡಿ ಸತ್ತಿತು. ಬಿಸಿಲಲ್ಲಿ ಒಂದು ಗಂಟೆ. ಒಳಗೆ ಅವಳ ಕೂಗು, ಹೊರಗೆ ಮೈದಾನದ ಮ್ಯಾನೇಜರರ ಕೂಗು. ಕೊನೆಗೆ ಮೇಸ್ತ್ರಿ ವಿಮಾನದ ಮೂತಿಯ ಪಂಖವನ್ನು ಬರಿಗೈಯಲ್ಲಿ ತಿರುಗಿಸಿ ಇಂಜಿನ್ ಎಬ್ಬಿಸಿದರು. ಒಂದು ಗೇಣು ತಪ್ಪಿದ್ದರೆ ತೋಳು ಹೋಗುತ್ತಿತ್ತು. ಹೆಂಗಸು ಬದುಕಿದಳು, ಮಗುವೂ ಉಳಿಯಿತು.

"ಕುಡಿದು ಬಂದು ಎಂತ ಹಾಕಿದ್ದೀಯಾ ಅದಕ್ಕೆ?" ಮ್ಯಾನೇಜರ್ ಎಲ್ಲರೆದುರು ಕೇಳಿದರು. ಸಂಜೆ ಸ್ವಲ್ಪ ಹಾಕುವ ಅಭ್ಯಾಸ ಮೇಸ್ತ್ರಿಗೆ ಇದ್ದದ್ದು ಹೌದು. ಬೆಳಿಗ್ಗೆ ಎಂದೂ ಇಲ್ಲ. ನಾಳೆಯಿಂದ ಬರಬೇಡ ಎಂದು ಹೇಳಿ ಮ್ಯಾನೇಜರ್ ಹೋದರು.

ಮೇಸ್ತ್ರಿ ಶೆಡ್ಡಿಗೆ ಬಂದು ಭರಣಿಗೆ ಬೆರಳದ್ದಿ ನಾಲಿಗೆಗೆ ಹಚ್ಚಿದರು.

"ಮಾವಿನದ್ದಾ, ಲಿಂಬೆಯದ್ದಾ?"

"ಮಾವಿನದ್ದು," ಎಂದೆ.

"ಒಡೆದರೆ ಒಡೆಯಿತು ಅಂತ ಹೇಳ್ಬೇಕು. ನಾನೆಂತ ಹುಲಿಯಾ?"

"ಅವರಿಗೆ ಹೇಳ್ತೀರಾ?"

"ನಾನು ಹೇಳುವುದಿಲ್ಲ. ಹೇಳುವುದಾದ್ರೆ ನೀನು ಹೇಳು." ಸ್ಪ್ಯಾನರಿನ ಚೀಲ ಹೆಗಲಿಗೆ ಹಾಕಿ ಗುಡ್ಡೆ ಇಳಿದರು.

ನನಗೆ ಈಗಲೂ ಸಿಟ್ಟು ಬರುವುದು ಅದಕ್ಕೇ. ಎರಡು ಬೈದು, ಕೈ ಹಿಡಿದೆಳೆದು ಮ್ಯಾನೇಜರರ ಎದುರು ನಿಲ್ಲಿಸಬಾರದಿತ್ತೆ? ಆಮೇಲೆ ಅವರು ಬಲ್ಮಠದಲ್ಲಿ ಸೈಕಲ್ ರಿಪೇರಿಯ ಅಂಗಡಿ ಇಟ್ಟರು, ಅರವತ್ತರ ದಶಕದಲ್ಲಿ ತೀರಿಕೊಂಡರು. ಕುಡುಕ ಮೇಸ್ತ್ರಿ ಎಂಬ ಹೆಸರು ಅವರ ಜೊತೆಗೇ ಗುಂಡಿಗೆ ಹೋಯಿತು.

ಅವರು ಗುಡ್ಡೆ ಇಳಿದ ಮರುದಿನ ಬೆಳಿಗ್ಗೆ ನಾನು ಹೇಳಿಬಿಡಬೇಕೆಂದೇ ಮೇಲೆ ಹೋದೆ. ಮ್ಯಾನೇಜರ್ ಒಂದು ಕಾಗದ ಮುಂದಿಟ್ಟರು. ಮೇಸ್ತ್ರಿ ಕುಡಿದು ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ ಎಂದಿತ್ತು. ನಾನು ಮೂರನೆಯ ಕ್ಲಾಸು ಓದಿದವಳು. ಅಕ್ಷರ ಕೂಡಿಸಿ ಕೂಡಿಸಿ ಕೊನೆಯವರೆಗೂ ಓದಿದೆ. ಓದಿಯೇ ಸಹಿ ಹಾಕಿದೆ.